ಖಾಲಿ ಗಾಜಿನ ಬಾಟಲಿ: ಅಂಟು ಹೋಗ್ತಿಲ್ಲ, ಬಣ್ಣ ನಿಲ್ತಿಲ್ಲ, ತೂತು ಹಾಕೋದು ಹೇಗೆ?

ಹಿತ್ತಲಬಾಗಿಲು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮನೇಲಿ ಜೇನುತುಪ್ಪ, ಜಾಮ್, ಕಾಫಿ ಪುಡಿಯ ಗಾಜಿನ ಬಾಟಲಿಗಳು, ಜೊತೆಗೆ ಉದ್ದ ಕತ್ತಿನ ಕಂದು, ಹಸಿರು ಬಾಟಲಿಗಳು ಸಾಕಷ್ಟು ಸೇರಿಕೊಂಡಿವೆ. ಗುಜರಿಗೆ ಹಾಕೋ ಬದಲು ಹಾಲ್‌ನ ಶೆಲ್ಫಿಗೆ, ಬಾಲ್ಕನಿಗೆ ಚೆಂದ ಕಾಣೋ ಹಾಗೆ ಏನಾದ್ರೂ ಮಾಡೋಣ ಅಂತಿದೀನಿ. ತೊಡಕಿರೋದು ಇಲ್ಲಿ:

1. ಕೆಲವು ಲೇಬಲ್ ನೀರಲ್ಲಿ ನೆನೆಸಿದ್ರೆ ತಾನಾಗೇ ಕಳಚುತ್ತೆ. ಕೆಲವದರಲ್ಲಿ ಕಾಗದ ಹೋಗಿ ಅಂಟು ಮಾತ್ರ ಜಿಗುಟಾಗಿ ಉಳಿಯುತ್ತೆ.
2. ಅಕ್ರಿಲಿಕ್ ಬಣ್ಣ ಒಣಗಿದ ಮೇಲೂ ಉಗುರು ತಾಗಿದ್ರೆ ಸಿಪ್ಪೆ ಥರ ಏಳುತ್ತೆ.
3. ಒಳಗೆ ಲೈಟಿನ ಸರ ಹಾಕಿ, ಬುಡದ ಹತ್ತಿರ ತೂತು ಮಾಡಿ ವೈರ್ ಹೊರಗೆ ತರಬೇಕು. ಮನೇಲಿ ಸಾಮಾನ್ಯ ಡ್ರಿಲ್ ಮೆಷಿನ್ ಇದೆ. ದಾರಕ್ಕೆ ಸ್ಪಿರಿಟ್ ಹಾಕಿ ಬೆಂಕಿ ಹಚ್ಚಿ ಬಾಟಲಿ ಕತ್ತರಿಸೋ ವಿಡಿಯೋಗಳೂ ಬೇಕಾದಷ್ಟಿವೆ, ಅದು ಆಗೋ ಮಾತಾ?
4. ಉಳಿದ ಬಾಟಲಿಗಳಲ್ಲಿ ಮನಿ ಪ್ಲಾಂಟ್ ಇಡೋ ಯೋಚನೆ. ಏನು ನೋಡ್ಕೋಬೇಕು?

ಬಣ್ಣದಡಬ್ಬಿ ಉತ್ತರ:

ಮೊದಲೆರಡಕ್ಕೆ ನಾನು ಹೇಳ್ತೀನಿ.

ಲೇಬಲ್ಲಿನ ಅಂಟು ಎರಡು ಜಾತಿ, ಒಂದರ ಮದ್ದು ಇನ್ನೊಂದಕ್ಕೆ ನಡೆಯಲ್ಲ. ಉದ್ದ ಕತ್ತಿನ ಬಾಟಲಿಗಳ ಕಾಗದದ ಲೇಬಲ್‌ಗೆ ಸಾಮಾನ್ಯವಾಗಿ ನೀರಿನ ಅಂಟು ಇರುತ್ತೆ, ಕ್ಷಾರಕ್ಕೆ ಬೇಗ ಕರಗುತ್ತೆ. 5 ಲೀಟರ್ ಬಿಸಿನೀರಿಗೆ ಸುಮಾರು 100 ಗ್ರಾಂ ವಾಷಿಂಗ್ ಸೋಡಾ (ಅಡುಗೆ ಸೋಡಾ ಅಲ್ಲ) ಹಾಕಿ, ಬಾಟಲಿ ಒಳಗೂ ನೀರು ತುಂಬಿಸಿ ಒಂದು ಗಂಟೆ ಮುಳುಗಿಸಿಡಿ. ಒಳಗೆ ನೀರಿಲ್ಲದಿದ್ರೆ ಬಾಟಲಿ ತೇಲುತ್ತೆ, ಲೇಬಲ್ ನೆನೆಯಲ್ಲ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನ ಕಪ್ಪು ಮಾಡುತ್ತೆ. ಪ್ಲಾಸ್ಟಿಕ್ ಬಕೆಟ್ ಸಾಕು. ಕೈಗೆ ಗ್ಲೌಸ್ ಇರಲಿ. ತಣ್ಣಗಿರೋ ಬಾಟಲಿಗೆ ಕುದಿಯೋ ನೀರು ಸುರೀಬೇಡಿ. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಬಿಸಿ. ಬಾಟಲಿ ಗಾಜು ಒಮ್ಮೆಗೇ ಸುಮಾರು 40 ಡಿಗ್ರಿಗಿಂತ ಹೆಚ್ಚು ಏರುಪೇರು ಆದ್ರೆ ಸೀಳಬಹುದು.

ಜಾಮ್, ಜೇನಿನ ಬಾಟಲಿಗಳ ಸ್ಟಿಕ್ಕರ್ ಅಂಟು ಬೇರೆ. ಅದಕ್ಕೆ ನೀರು ಲೆಕ್ಕಕ್ಕೇ ಇಲ್ಲ. ಹೇರ್ ಡ್ರೈಯರ್‌ನಿಂದ ಒಂದು ನಿಮಿಷ ಬಿಸಿ ಮಾಡಿ, ಮೂಲೆಯಿಂದ ನಿಧಾನಕ್ಕೆ ಎಳೆದ್ರೆ ಅಂಟು ಸ್ಟಿಕ್ಕರ್ ಜೊತೇನೇ ಬರುತ್ತೆ. ಉಳಿದ ಜಿಗುಟಿಗೆ ಒಂದು ಚಮಚ ಅಡುಗೆ ಎಣ್ಣೆ, ಒಂದು ಚಮಚ ಅಡುಗೆ ಸೋಡಾ ಕಲಸಿ ಬಳಿದು 20 ನಿಮಿಷ ಬಿಟ್ಟು ಸ್ಕ್ರಬ್ಬರ್‌ನಿಂದ ಉಜ್ಜಿ. ನೀಲಗಿರಿ ಎಣ್ಣೆ ಇದ್ರೆ ಇನ್ನೂ ಸಲೀಸು. ಟಿನ್ನರ್ ಕೂಡ ಕೆಲಸ ಮಾಡುತ್ತೆ, ಆದ್ರೆ ಕಿಟಕಿ ತೆಗೆದಿರಬೇಕು, ಒಲೆ ಹತ್ತಿರ ಇರಬಾರದು. ಆಮೇಲೆ ಪಾತ್ರೆ ಸೋಪಿನಲ್ಲಿ ಎರಡು ಸಲ ತೊಳೀಲೇಬೇಕು, ಇಲ್ಲದಿದ್ರೆ ಆ ಎಣ್ಣೆ ಪಸೆಯೇ ಮುಂದೆ ಬಣ್ಣ ಕೀಳುತ್ತೆ. ಸೋಡಾ, ತಂಪು ಪಾನೀಯದ ಬಾಟಲಿ ಮೇಲೆ ನೇರವಾಗಿ ಅಚ್ಚಾಗಿರೋ ಬಿಳಿ ಅಕ್ಷರಗಳನ್ನ ಅಳಿಸೋಕೆ ಹೋಗಬೇಡಿ. ಅದು ಗಾಜಿಗೆ ಸುಟ್ಟು ಕೂರಿಸಿದ ಬಣ್ಣ, ಟಿನ್ನರಿಗೂ ಜಗ್ಗಲ್ಲ.

ಉಪ್ಪಿನಕಾಯಿ ವಾಸನೆ ಹೋಗ್ತಿಲ್ಲ ಅಂದ್ರೆ ಗಾಜಿನದ್ದಲ್ಲ ತಪ್ಪು, ಮುಚ್ಚಳದೊಳಗಿನ ರಬ್ಬರ್ ಪಟ್ಟಿಯದ್ದು. ಮುಚ್ಚಳ ಬಿಸಾಕಿ.

ಇನ್ನು ಬಣ್ಣ. ಗಾಜಿಗೆ ರಂಧ್ರಗಳಿಲ್ಲ. ಗೋಡೆ, ಮರದಲ್ಲಿ ಆಗೋ ಹಾಗೆ ಬಣ್ಣ ಒಳಗೆ ಇಳಿದು ಹಿಡಿಯಲ್ಲ, ಮೇಲೆ ಪೊರೆಯಾಗಿ ಕೂರುತ್ತೆ ಅಷ್ಟೇ. ಬೆರಳಿನ ಜಿಡ್ಡು ಇದ್ರೂ ಸಾಕು, ಆ ಪೊರೆ ಏಳುತ್ತೆ. ತೊಳೆದು ಒಣಗಿಸಿ, ಹತ್ತಿಗೆ ಸರ್ಜಿಕಲ್ ಸ್ಪಿರಿಟ್ ಅದ್ದಿ ಪೂರಾ ಒರೆಸಿ. ಆಮೇಲೆ ಬಾಟಲಿಯನ್ನ ಬಾಯಿಯ ಒಳಗೆ ಬೆರಳು ಇಟ್ಟೇ ಹಿಡೀಬೇಕು, ಮೈ ಮುಟ್ಟಬಾರದು.

ಬೆಳಕು ಹಾಯೋದು ಬೇಡ, ಗಟ್ಟಿ ಬಣ್ಣ ಸಾಕು ಅಂದ್ರೆ ಸ್ಪಿರಿಟ್‌ಗೆ ಮೊದಲೇ 400 ನಂಬರ್ ಉಪ್ಪುಕಾಗದ, ಅಂದ್ರೆ ವಾಟರ್ ಪೇಪರ್‌ನಿಂದ ನೀರು ಹಾಕ್ಕೊಂಡು ಹಗುರಾಗಿ ಉಜ್ಜಿ. ಹೊಳಪು ಹೋಗಿ ಮಬ್ಬಾದ್ರೆ ಸಾಕು, ಬಣ್ಣಕ್ಕೆ ಹಿಡಿತ ಸಿಗುತ್ತೆ. ಮೇಲೆ ಒಂದು ಪದರ ಜೆಸ್ಸೋ (ಬಣ್ಣಕ್ಕೆ ಮೊದಲು ಬಳಿಯೋ ಬಿಳಿ ತಳಪದರ) ಅಥವಾ ಪ್ರೈಮರ್, ಅದರ ಮೇಲೆ ಅಕ್ರಿಲಿಕ್. ಬ್ರಷ್ ಎಳೆದ್ರೆ ಗೆರೆ ಬೀಳುತ್ತೆ, ಸ್ಪಂಜಿನ ತುಂಡಿನಿಂದ ಒತ್ತಿ ಒತ್ತಿ ತೆಳುವಾಗಿ ಮೂರು ಪದರ, ನಡುವೆ ಒಂದೊಂದು ಗಂಟೆ. ಒಂದೇ ದಪ್ಪ ಪದರ ಹಾಕಿದ್ರೆ ಮೇಲೆ ಒಣಗಿರುತ್ತೆ, ಒಳಗೆ ಹಸಿ, ಏಳೋದು ಅಲ್ಲಿಂದಲೇ. ಮುಟ್ಟಿದ್ರೆ ಒಣಗಿದೆ ಅನ್ನಿಸಿದ್ರೂ ಗಟ್ಟಿಯಾಗೋಕೆ ಮೂರು ವಾರ ಬೇಕು, ಅಲ್ಲೀವರೆಗೆ ತೊಳೀಬೇಡಿ.

ಗಾಜಿನ ಮೂಲಕ ಬೆಳಕು ಕಾಣಬೇಕಿದ್ರೆ ಗ್ಲಾಸ್ ಪೇಂಟ್ ತಗೊಳ್ಳಿ. ಅದರಲ್ಲಿ ಓವನ್‌ನಲ್ಲಿ ಬೇಯಿಸೋ ಬಗೆಯೇ ಹೆಚ್ಚು ಬಾಳಿಕೆ. ಪೆಬಿಯೋ ಕಂಪನಿಯ ವಿಟ್ರಿಯಾ 160 ಹೆಸರೇ ಹೇಳೋ ಹಾಗೆ 160 ಡಿಗ್ರಿ: 24 ಗಂಟೆ ಒಣಗಿಸಿ, ತಣ್ಣಗಿರೋ ಓಟಿಜಿ ಓವನ್ನಿನಲ್ಲಿ ಇಟ್ಟು ಆಮೇಲೆ ಸ್ವಿಚ್ ಹಾಕಿ, 160ಕ್ಕೆ ಬಂದ ಮೇಲೆ 40 ನಿಮಿಷ, ಆರಿಸಿ ಒಳಗೇ ತಣಿಯೋಕೆ ಬಿಡಬೇಕು. ಬಿಸಿ ಇದ್ದಾಗ ಬಾಗಿಲು ತೆಗೆದ್ರೆ ಬಾಟಲಿ ಹೋಯ್ತು ಅಂತಲೇ ಲೆಕ್ಕ.

ಬಾಟಲಿ ಒಳಗೆ ಬಣ್ಣ ಸುರಿದು ಸುತ್ತಿಸೋ ವಿಧಾನವೂ ಇದೆ. ನೋಡೋಕೆ ಪಿಂಗಾಣಿ ಥರ ಇರುತ್ತೆ, ಆದ್ರೆ ಒಣ ಹೂವಿಗೆ ಮಾತ್ರ. ನೀರು ಹಾಕಿದ ಕೂಡಲೇ ಬಣ್ಣ ಚಕ್ಕೆ ಚಕ್ಕೆಯಾಗಿ ಬಿಡುತ್ತೆ.

ಕೊರೆಯೋಯಂತ್ರ ಉತ್ತರ:

ತೂತಿನ ವಿಷಯ. ಗೋಡೆಗೆ ಹಾಕೋ ಬಿಟ್, ಟೈಲ್ಸ್‌ಗೆ ಬರೋ ಈಟಿ ಮೂತಿಯ ಬಿಟ್ ಎರಡೂ ಬೇಡ. ಬೇಕಾಗಿರೋದು ನಡುವೆ ಟೊಳ್ಳಾಗಿರೋ, ಅಂಚಿಗೆ ವಜ್ರದ ಪುಡಿ ಹಿಡಿಸಿದ ಡೈಮಂಡ್ ಬಿಟ್, 10 ಮಿ.ಮೀ. ಸಾಕು. ಇದು ಗಾಜನ್ನ ಕೊರೆಯಲ್ಲ, ಸವೆಸುತ್ತೆ. ಹಾಗಾಗಿ ಅವಸರಕ್ಕೆ ಜಾಗವಿಲ್ಲ. ಮೆಷಿನ್ ಹ್ಯಾಮರ್ ಮೋಡ್‌ನಲ್ಲಿ ಇಲ್ಲ ಅಂತ ಎರಡು ಸಲ ನೋಡಿ.

ಜಾಗ ಆರಿಸೋದರಲ್ಲೇ ಅರ್ಧ ಕೆಲಸ. ತಳಕ್ಕೂ ಮೈಗೂ ಸೇರೋ ದುಂಡು ಅಂಚಿನಲ್ಲಿ ಗಾಜು ದಪ್ಪ, ಅದೂ ಒಂದೇ ಸಮ ಇರಲ್ಲ. ಅಲ್ಲಿಂದ 3 ಸೆಂ.ಮೀ. ಮೇಲೆ ಬನ್ನಿ. ಎರಡು ಪಕ್ಕದಲ್ಲಿ ಅಚ್ಚಿನ ಜೋಡಣೆಯ ಸಣ್ಣ ಉಬ್ಬುಗೆರೆ ಮೇಲಿಂದ ಕೆಳಗೆ ಓಡಿರುತ್ತೆ, ಬೆರಳಾಡಿಸಿದ್ರೆ ಸಿಗುತ್ತೆ. ಆ ಗೆರೆ ಮೇಲೂ ಬೇಡ.

ಟ್ರೇಯಲ್ಲಿ ಒದ್ದೆ ಟವೆಲ್ ಮಡಿಸಿ, ಬಾಟಲಿಯನ್ನ ಮಲಗಿಸಿ, ಉರುಳದ ಹಾಗೆ ಎರಡೂ ಕಡೆ ಟವೆಲ್ ಒತ್ತಿಡಿ. ಮುಚ್ಚಳ ತೆಗೆದಿರಲಿ. ತೂತಿನ ಜಾಗದ ಸುತ್ತ ಚಪಾತಿ ಹಿಟ್ಟಿನಿಂದ ಸಣ್ಣ ಕಟ್ಟೆ ಕಟ್ಟಿ ಅದರಲ್ಲಿ ಎರಡು ಚಮಚ ನೀರು ನಿಲ್ಲಿಸಿ. ನೀರಿಲ್ಲದೆ ಕೊರೆದ್ರೆ ಕಾವಿಗೆ ಗಾಜು ಸೀಳುತ್ತೆ, ಬಿಟ್‌ನ ವಜ್ರವೂ ಉದುರುತ್ತೆ.

ಬಿಟ್ ನೇರ ಇಟ್ಟು ಶುರು ಮಾಡಿದ್ರೆ ಜಾರಿ ಮೈಯೆಲ್ಲ ಗೀರು. 45 ಡಿಗ್ರಿ ಓರೆಯಾಗಿ ಹಿಡಿದು, ಟ್ರಿಗರ್ ಅರ್ಧ ಮಾತ್ರ ಒತ್ತಿ. ಅರ್ಧಚಂದ್ರದಂಥ ಗೀರು ಬಿದ್ದ ಮೇಲೆ ತಿರುಗುತ್ತಿರುವಾಗಲೇ ನಿಧಾನಕ್ಕೆ ನೆಟ್ಟಗೆ ತನ್ನಿ. ಮೆಷಿನ್ನಿನ ತೂಕವೇ ಸಾಕು, ಮೇಲಿಂದ ಒತ್ತಬೇಡಿ. ನೀರು ಹಾಲಿನ ಹಾಗೆ ಬೆಳ್ಳಗಾಗ್ತಿದ್ರೆ ಸರಿ ನಡೀತಿದೆ ಅಂತ. ಅರ್ಧ ನಿಮಿಷಕ್ಕೊಮ್ಮೆ ಬಿಟ್ ಎತ್ತಿ ನೀರು ಬದಲಿಸಿ. ಬಹಳಷ್ಟು ಬಾಟಲಿ ಒಡೆಯೋದು ಕೊನೆಯ ಮಿಲಿಮೀಟರ್‌ನಲ್ಲಿ. ಸದ್ದು ಬದಲಾಗಿ ತುಸು ಟೊಳ್ಳಾಗಿ ಕೇಳಿಸಿದ ಕ್ಷಣ ಕೈ ಇನ್ನೂ ಹಗುರ ಮಾಡಿ, ಮೆಷಿನ್ನನ್ನ ಎತ್ತಿ ಹಿಡಿದ ಹಾಗೇ ಕೆಲಸ ಮಾಡಿಸಿ. ಒಟ್ಟು ನಾಲ್ಕೈದು ನಿಮಿಷದ ಕೆಲಸ. ಒಳಗೆ ಬಿದ್ದ ಬಿಲ್ಲೆ ತೆಗೆದು, ಪೆನ್ಸಿಲ್‌ಗೆ 220ರ ವಾಟರ್ ಪೇಪರ್ ಸುತ್ತಿ ಒದ್ದೆ ಮಾಡಿ ಅಂಚು ಉಜ್ಜಿ. ವೈರ್ ಹಾಯೋ ಜಾಗಕ್ಕೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರೋ ಬಳೆ) ಹಾಕಿ, ಇಲ್ಲದಿದ್ರೆ ಗಾಜಿನ ಅಂಚು ವೈರಿನ ಹೊದಿಕೆ ಕೊಯ್ಯುತ್ತೆ. ಕನ್ನಡಕ ಕಡ್ಡಾಯ. ನೀರಿನ ಕೆಲಸ ಆದ್ದರಿಂದ ಬ್ಯಾಟರಿ ಡ್ರಿಲ್ ಸಿಕ್ಕರೆ ಅದೇ ಒಳ್ಳೇದು.

ಲೈಟು ಯಾವುದು ಅನ್ನೋದೂ ಮುಖ್ಯ. ದೀಪಾವಳಿಗೆ ಹಾಕೋ ಅಗ್ಗದ ಸೀರಿಯಲ್ ಸೆಟ್ ನೇರ 230 ವೋಲ್ಟ್‌ನಲ್ಲಿ ಓಡುತ್ತೆ, ಅದನ್ನ ಬಾಟಲಿಗೆ ತುರುಕಬೇಡಿ. ಯುಎಸ್‌ಬಿಯ 5 ವೋಲ್ಟ್ ತಾಮ್ರದ ತಂತಿ ಸರ ತಗೊಳ್ಳಿ. ಬಿರಡೆಯಲ್ಲೇ ಬ್ಯಾಟರಿ ಇರೋ, 20 ಎಲ್‌ಇಡಿಯ 2 ಮೀಟರ್ ಸರಕ್ಕೆ ಎಲ್‌ಆರ್44 ಗುಂಡಿ ಸೆಲ್ ಮೂರು ಬೇಕು, ಕೆಲವೇ ಗಂಟೆ ಉರಿಯುತ್ತೆ. ಸಣ್ಣ ಮಕ್ಕಳಿರೋ ಮನೆಗೆ ಅದು ಬೇಡವೇ ಬೇಡ, ನುಂಗಿದ್ರೆ ಅನ್ನನಾಳ ಸುಡುತ್ತೆ.

ಅಂದ ಹಾಗೆ, ಬಾಟಲಿ ಶೆಲ್ಫಿನ ಮೇಲೆ ಗೋಡೆಗೆ ಒತ್ತಿ ಇಡೋದಾದ್ರೆ ತೂತೇ ಬೇಡ. ಬಿರಡೆಯ ಪಕ್ಕದಲ್ಲಿ ಬ್ಲೇಡಿನಿಂದ ವೈರ್ ಹಿಡಿಯೋ ಅಷ್ಟು ಉದ್ದ ಕಚ್ಚು ಕೊರೆದು ವೈರನ್ನ ಮೇಲಿಂದಲೇ ಹಿಂದಕ್ಕೆ ಇಳಿಸಬಹುದು. ಎದುರಿಂದ ಕಾಣಲ್ಲ.

ಧಾರವಾಡಮಂದಿ ಉತ್ತರ:

ದಾರಕ್ಕ ಸ್ಪಿರಿಟ್ ಹಚ್ಚಿ ಬೆಂಕಿ ಕೊಡೋದು ವಿಡಿಯೋದಾಗ ಚಲೋ ಕಾಣಸ್ತದ, ಮನ್ಯಾಗ ಮಾಡಬ್ಯಾಡ್ರಿ. ದಾರ ಒಂದ ಕಡೆ ಜಾಸ್ತಿ ಉರೀತದ, ಒಂದ ಕಡೆ ಕಡಿಮಿ. ಕಾವು ಒಂದ ಸಮ ಇಲ್ಲಂದ್ರ ಸೀಳು ತನಗ ಬೇಕಾದ ಕಡೆ ಓಡ್ತದ. ಮತ್ತ ಸ್ಪಿರಿಟ್ ಬೆಂಕಿ ಹಗಲೊತ್ತಿನ್ಯಾಗ ಕಣ್ಣಿಗೆ ಸರಿಯಾಗಿ ಕಾಣಂಗಿಲ್ಲ, ಆರೇದ ಅಂತ ಕೈ ಹಾಕಿದ್ರ ಮುಗೀತು.

ಕತ್ತರಿಸಲೇಬೇಕಂದ್ರ ಗ್ಲಾಸ್ ಕಟ್ಟರ್ ತಗೋರಿ. ಬಾಟಲಿ ತಿರುಗಿಸ್ಕೋತ ಸುತ್ತಲೂ ಒಂದ ಗೀರು, ಒಂದ ಸಲ ಅಷ್ಟ. ಅದರ ಮ್ಯಾಲೆ ಎರಡನೇ ಸಲ ಎಳದ್ರ ಗೀರು ಚಕ್ಕಿ ಏಳ್ತದ, ಚಕ್ರನೂ ಮೊಂಡ ಆಗ್ತದ. ಆಮ್ಯಾಲೆ ಆ ಗೀರಿನ ಮ್ಯಾಲೆ ಬಿಸಿನೀರು ಸುರಿಕೋತ ತಿರುಗಿಸ್ರಿ, ಹಿಂದೇ ತಣ್ಣೀರು. ಮೂರ-ನಾಕ ಸುತ್ತಿಗೆ ಟಿಕ್ ಅಂತ ಬಿಡ್ತದ. ಅಂಚಿಗೆ 120, 220, 400ರ ವಾಟರ್ ಪೇಪರ್, ಮೂರೂ ನೀರಾಗ, ಒಳಗ ಹೊರಗ ಎರಡೂ ಕಡೆ ಓರೆ ಹಿಡದು. ಒಣಾ ಉಜ್ಜಬ್ಯಾಡ್ರಿ, ಆ ಪುಡಿ ಮೂಗಿನಾಗ ಕಣ್ಣಾಗ ಹೋಗ್ತದ. ಹಿಂಗ ಮಾಡಿದ್ದನ್ನ ಪೆನ್ ಇಡಾಕ, ಗಿಡ ಹಚ್ಚಾಕ ಇಟ್ಕೋರಿ, ನೀರು ಕುಡಿಯೋ ಲೋಟ ಮಾಡಬ್ಯಾಡ್ರಿ.

ತೋಟದಮನೆ ಉತ್ತರ:

ಮನಿ ಪ್ಲಾಂಟ್‌ಗೆ ಕಂದು, ಹಸಿರು ಬಾಟಲಿಗಳನ್ನೇ ಇಟ್ಟುಕೊಳ್ಳಿ. ಬಿಳಿ ಗಾಜಿನಲ್ಲಿ ಬೆಳಕು ಬಿದ್ದು ನೀರೆಲ್ಲ ಪಾಚಿ ಕಟ್ಟುತ್ತದೆ. ಬಳ್ಳಿಯಲ್ಲಿ ಎಲೆ ಹೊರಡುವ ಗೆಣ್ಣುಗಳಲ್ಲಿ ಕನಿಷ್ಠ ಎರಡು ನೀರಿನೊಳಗಿರಬೇಕು, ಬೇರು ಬರುವುದು ಅಲ್ಲಿಂದ. ಆ ಗೆಣ್ಣಿನ ಎಲೆ ಕಿತ್ತುಬಿಡಿ, ಮುಳುಗಿದ ಎಲೆ ಕೊಳೆತು ನೀರು ನಾರುತ್ತದೆ.

ಈಗ ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ಸಣ್ಣ ಪಾತ್ರೆಯ ತಿಳಿನೀರೇ ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ನಮ್ಮ ಹವೆಯಲ್ಲಿ ಹೆಚ್ಚುಕಡಿಮೆ 7ರಿಂದ 10 ದಿನ. ವಾರಕ್ಕೊಮ್ಮೆ ನೀರು ಬದಲಿಸಿ ಎನ್ನುವುದು ಇದೇ ಲೆಕ್ಕದ ಮೇಲೆ. ಆದರೆ ನೀರು ಚೆಲ್ಲಿ ಹೊಸದು ತುಂಬಿದರೆ ಸಾಲದು. ಮೊಟ್ಟೆ ಇರುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗಾಜಿಗೆ ಅಂಟಿಕೊಂಡು; ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಬಾಟಲಿ ಬ್ರಷ್ ಹಾಕಿ ಉಜ್ಜಬೇಕು. ಬ್ರಷ್ ಹೋಗದ ಕತ್ತಾದರೆ ಒಂದು ಹಿಡಿ ಅಕ್ಕಿ, ಒಂದು ಚಮಚ ಕಲ್ಲುಪ್ಪು, ಸ್ವಲ್ಪ ನೀರು ಹಾಕಿ ಜೋರಾಗಿ ಕುಲುಕಿ. ಬಳ್ಳಿಯ ಸುತ್ತ ಬಾಯಿಗೆ ಹತ್ತಿ ತುರುಕಿದರೆ ಸೊಳ್ಳೆ ಒಳಗೆ ಇಳಿಯುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ನಿಗದಿ ಮಾಡಿತು, ನಗರದ ಮನೆಗಳಿಗೆ 400 ರೂಪಾಯಿ.

ಇನ್ನೊಂದು: ನೀರು ತುಂಬಿದ ಬಿಳಿ ಗಾಜಿನ ದುಂಡು ಬಾಟಲಿಯನ್ನು ನೇರ ಬಿಸಿಲು ಬೀಳುವ ಕಿಟಕಿಯಲ್ಲಿ, ಪರದೆಯ ಪಕ್ಕ ಇಡಬೇಡಿ. ಅದು ಮಸೂರದಂತೆ ಬಿಸಿಲನ್ನು ಒಂದೇ ಬಿಂದುವಿಗೆ ಕೂಡಿಸುತ್ತದೆ, ಬಟ್ಟೆಗೆ ಕಿಡಿ ಹತ್ತಬಹುದು.

ಹಿತ್ತಲಬಾಗಿಲು:

ಎಲ್ಲರಿಗೂ ಥ್ಯಾಂಕ್ಸ್. ತೂತಿನ ಗೋಜಿಗೆ ಹೋಗಲ್ಲ, ಬಿರಡೆಯಲ್ಲಿ ಕಚ್ಚು ಮಾಡೋದೇ ಸರಿ ಅನ್ನಿಸ್ತು. ಓಟಿಜಿ ಇಲ್ಲ, ಹಾಗಾಗಿ ಎರಡು ಬಾಟಲಿಗೆ ಬಣ್ಣದ ಬದಲು ಸೆಣಬಿನ ದಾರ ಸುತ್ತೋಣ ಅಂತ. ಎಷ್ಟು ಉದ್ದ ಬೇಕಾಗುತ್ತೆ? ಫೆವಿಕಾಲ್ ಹಿಡಿಯುತ್ತಾ?

ಬಣ್ಣದಡಬ್ಬಿ:

ಲೆಕ್ಕ ಸುಲಭ. ಸುತ್ತಬೇಕಾದ ಎತ್ತರವನ್ನ ದಾರದ ದಪ್ಪದಿಂದ ಭಾಗಿಸಿ, ಬಾಟಲಿಯ ಸುತ್ತಳತೆಯಿಂದ ಗುಣಿಸಿ. 7 ಸೆಂ.ಮೀ. ಅಡ್ಡಳತೆಯ ಬಾಟಲಿಗೆ ಸುತ್ತಳತೆ 22 ಸೆಂ.ಮೀ. ನೇರ ಭಾಗ 20 ಸೆಂ.ಮೀ., ದಾರ 3 ಮಿ.ಮೀ. ಆದ್ರೆ ಸುಮಾರು 67 ಸುತ್ತು, ಅಂದ್ರೆ 15 ಮೀಟರ್ ಹತ್ತಿರ. ಕತ್ತಿಗೆ ಇನ್ನೆರಡು ಮೀಟರ್ ಸೇರಿಸಿ, ಬಾಟಲಿಗೊಂದು 20 ಮೀಟರ್ ಉಂಡೆ ತಗೊಂಡ್ರೆ ನಿಶ್ಚಿಂತೆ.

ಬರೀ ಗಾಜಿನ ಮೇಲೆ ಫೆವಿಕಾಲ್ ಗಟ್ಟಿಯಾಗಿ ನಿಲ್ಲಲ್ಲ, ಆದ್ರೆ ಸೆಣಬು ನೀರು ಹೀರಿಕೊಳ್ಳೋದ್ರಿಂದ ಇಲ್ಲಿ ನಡೆಯುತ್ತೆ. ತಳದಿಂದ ಶುರು ಮಾಡಿ, ಒಮ್ಮೆಗೆ ಮೂರು ಸೆಂಟಿಮೀಟರ್ ಎತ್ತರಕ್ಕೆ ಮಾತ್ರ ತೆಳುವಾಗಿ ಬಳಿದು ಬಿಗಿಯಾಗಿ ಸುತ್ತಿ. ಜಾಸ್ತಿ ಬಳಿದ್ರೆ ದಾರದ ಸಂದಿಯಿಂದ ಉಕ್ಕಿ ಒಣಗಿದ ಮೇಲೆ ಹೊಳೆಯೋ ಕಲೆ ಉಳಿಯುತ್ತೆ. ಮೊದಲ ಸುತ್ತು, ಕೊನೆಯ ಸುತ್ತು ಮಾತ್ರ ರಬ್ಬರ್ ಅಂಟಿನಿಂದ. ಆ ಜಾಗಕ್ಕೆ ಗ್ಲೂ ಗನ್ ಬೇಡ, ಗಾಜು ಬಿಸಿಲಿಗೆ ಕಾದು ತಣಿದಾಗ ಆ ಅಂಟು ಇಡಿಯಾಗಿ ಕಳಚುತ್ತೆ.

ತೋಟದಮನೆ:

ಮಲೆನಾಡು, ಕರಾವಳಿ ಕಡೆಯವರಾದರೆ ಸೆಣಬು ಸುತ್ತಿದ ಬಾಟಲಿ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಬಾಲ್ಕನಿಯಲ್ಲಂತೂ ಬೇಡ. ಒಳಗೆ ಇಡುವುದಾದರೂ ಅದರಲ್ಲಿ ನೀರು ತುಂಬಬೇಡಿ. ಒಣ ಹುಲ್ಲಿನ ಹೂವು, ನವಿಲುಗರಿ ಇಂಥದ್ದಕ್ಕೆ ಇಟ್ಟುಕೊಂಡು, ಮನಿ ಪ್ಲಾಂಟ್‌ಗೆ ದಾರವಿಲ್ಲದ ಕಂದು ಬಾಟಲಿ ಬಳಸಿ. ವಾರಕ್ಕೊಮ್ಮೆ ತೊಳೆಯುವ ಬಾಟಲಿಗೆ ಏನನ್ನೂ ಅಂಟಿಸದಿದ್ದರೇ ಒಳ್ಳೆಯದು.