ಹಳೆಯ ಬಿಡಿಭಾಗಗಳಿಗೆ ಹೊಸ ಫ್ರೇಮ್ ತರಬೇಕೆ, ಇಡೀ ಸೈಕಲ್ಲನ್ನೇ ಕೊಳ್ಳಬೇಕೆ?

ಮಣ್ಣುದಾರಿ:
ಎಲ್ಲರಿಗೂ ನಮಸ್ಕಾರ. 2014ರಲ್ಲಿ ಕೊಂಡ ನನ್ನ ಹಾರ್ಡ್‌ಟೇಲ್ ಮೌಂಟನ್ ಬೈಕಿನ (ಮುಂದೆ ಮಾತ್ರ ಸಸ್ಪೆನ್ಷನ್ ಇರುವಂಥದ್ದು) ಅಲ್ಯೂಮಿನಿಯಂ ಫ್ರೇಮ್, ಸೀಟ್ ಟ್ಯೂಬಿನ ಮೇಲ್ತುದಿಯ ವೆಲ್ಡಿಂಗ್ ಬಳಿ ಬಿರುಕು ಬಿಟ್ಟಿದೆ. ಕೆಸರು ಒರೆಸುವಾಗ ಬಣ್ಣ ಎದ್ದಿರಬೇಕು ಎಂದುಕೊಂಡಿದ್ದೆ. ಉಗುರು ಆಡಿಸಿ ನೋಡಿದರೆ ಗೆರೆಯೊಳಗೆ ಸಿಕ್ಕಿಕೊಂಡಿತು. ಮಿಕ್ಕಿದ್ದೆಲ್ಲ ಚೆನ್ನಾಗಿದೆ: ಮುಂದೆ 2, ಹಿಂದೆ 10 ಹಲ್ಲುಚಕ್ರಗಳ ಶಿಮಾನೊ ಡಿಯೋರ್ ಗೇರು, ಹೈಡ್ರಾಲಿಕ್ ಬ್ರೇಕು, 27.5 ಇಂಚಿನ ಚಕ್ರಗಳು, 100 ಮಿ.ಮೀ. ಟ್ರಾವೆಲ್ಲಿನ, ಅಂದರೆ ಅಷ್ಟು ಕುಗ್ಗುವ, ಏರ್ ಫೋರ್ಕು (ಮುಂಚಕ್ರ ಹಿಡಿಯುವ ಕವಲು). 29 ಇಂಚಿನ ಚಕ್ರಕ್ಕೆಂದು ಮಾಡಿದ ಹೊಸ ಫ್ರೇಮೊಂದು 30,000 ರೂಪಾಯಿಗೆ ಸಿಗುತ್ತಿದೆ; ಅದೇ ಮಟ್ಟದ ಪೂರ್ತಿ ಸೈಕಲ್ಲಿಗೆ 85,000 ಕೇಳುತ್ತಾರೆ. ಫ್ರೇಮ್ ಮಾತ್ರ ತಂದು ಹಳೆಯದನ್ನೆಲ್ಲ ಅದಕ್ಕೆ ಜೋಡಿಸುವುದು ಜಾಣತನವೇ?

ಹಳೇ ಸ್ಪ್ಯಾನರ್:
ಗೇರು, ಬ್ರೇಕುಗಳ ಚಿಂತೆಯನ್ನು ಸದ್ಯಕ್ಕೆ ಬದಿಗಿಡಿ. ತೀರ್ಮಾನವಾಗುವುದು ಚಕ್ರ ಮತ್ತು ಫೋರ್ಕಿನಲ್ಲಿ. ನಿಮ್ಮ ಕಾಲದ ಹಿಂಚಕ್ರದ ಹಬ್ (ನಡುವಿನ ಗುಂಬ) ಬಹುಶಃ 135 ಮಿ.ಮೀ. ಅಗಲದ, ಕ್ವಿಕ್ ರಿಲೀಸ್ (ಸನ್ನೆ ತಿರುಗಿಸಿ ಬಿಚ್ಚುವ ತೆಳು ಕಡ್ಡಿ) ಇರುವಂಥದ್ದು. ಈಗಿನ ಫ್ರೇಮುಗಳಲ್ಲಿ ಹೆಚ್ಚಿನವು ಬೂಸ್ಟ್ ಅಳತೆಯವು, ಅಂದರೆ 148 ಮಿ.ಮೀ. ಅಗಲಕ್ಕೆ 12 ಮಿ.ಮೀ. ದಪ್ಪದ ಥ್ರೂ ಆಕ್ಸಲ್ (ಹಬ್ಬಿನೊಳಗೆ ಹಾಯ್ದು ಫ್ರೇಮಿಗೆ ಬಿಗಿಯುವ ಅಚ್ಚು). ಅದಕ್ಕೂ ಮುಂಚಿನ 142 ಮಿ.ಮೀ. ಅಳತೆಯಾಗಿದ್ದರೆ ಕೆಲವು ಹಬ್‌ಗಳ ತುದಿಯ ಮುಚ್ಚಳ ಬದಲಿಸಿದರೆ ಸಾಕಾಗುತ್ತಿತ್ತು, ಏಕೆಂದರೆ ಅಲ್ಲಿ ಬ್ರೇಕಿನ ಡಿಸ್ಕ್ ಮತ್ತು ಕ್ಯಾಸೆಟ್ಟಿನ (ಹಿಂದಿನ ಹಲ್ಲುಚಕ್ರಗಳ) ಜಾಗ ಹಳೆಯದೇ. ಬೂಸ್ಟ್‌ನಲ್ಲಿ ಅವೆರಡೂ ತಲಾ 3 ಮಿ.ಮೀ. ಹೊರಕ್ಕೆ ಸರಿದಿವೆ, ಮುಚ್ಚಳ ಬದಲಿಸಿದರಷ್ಟೇ ಸಾಲದು.

ಇನ್ನು 27.5ರ ರಿಮ್ಮಿನ ವ್ಯಾಸ 584 ಮಿ.ಮೀ., 29ರದ್ದು 622. 29ರ ಫ್ರೇಮಿಗೆ ನಿಮ್ಮ ಚಕ್ರ ಹಾಕಿದರೆ, ಟೈರು ಅಷ್ಟೇ ದಪ್ಪದ್ದಾದರೂ ಇಡೀ ಸೈಕಲ್ಲು 19 ಮಿ.ಮೀ. ಕೆಳಗೆ ಕೂರುತ್ತದೆ, ಪೆಡಲ್ಲು ಕಲ್ಲಿಗೆ ಬಡಿಯುತ್ತದೆ. ಒಂದು ಅಳತೆಯನ್ನು ಮಾತ್ರ ಈಗಲೇ ತೆಗೆದುಕೊಳ್ಳಿ: ಫೋರ್ಕನ್ನು ಬಿಚ್ಚಿ, ಸ್ಟಿಯರರ್ ಟ್ಯೂಬಿನ (ಫೋರ್ಕಿನಿಂದ ಮೇಲೆ ಹ್ಯಾಂಡಲಿನವರೆಗೆ ಹೋಗುವ ಕೊಳವೆಯ) ಉದ್ದ ನೋಡಿ. ಅದನ್ನು ಹಳೆಯ ಫ್ರೇಮಿಗೆ ತಕ್ಕಂತೆ ಕತ್ತರಿಸಿರುತ್ತಾರೆ. ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ.

ಇಳಿಜಾರು:
ನಾನು ಹೀಗೆಯೇ ಫ್ರೇಮ್ ಮಾತ್ರ ತಂದು ಕೈಸುಟ್ಟುಕೊಂಡವನು. ಚಕ್ರ, ಫೋರ್ಕು ಎರಡನ್ನೂ ಹೊಸದಾಗಿ ಕೊಳ್ಳಬೇಕಾಯಿತು; ಅದರ ಮೇಲೆ ಹೆಡ್‌ಸೆಟ್ (ಫೋರ್ಕು ತಿರುಗುವ ಬೇರಿಂಗು), ಬಾಟಮ್ ಬ್ರಾಕೆಟ್ (ಕ್ರ್ಯಾಂಕಿನ ಬೇರಿಂಗು), ಕೇಬಲ್ಲು, ಚೈನು, ಮೆಕ್ಯಾನಿಕ್ ಕೂಲಿ. ಹೊಸ ಫ್ರೇಮಿನಲ್ಲಿ ಮುಂದಿನ ಡಿರೈಲರ್ (ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಭಾಗ) ಕೂರಿಸಲು ಜಾಗವೇ ಇರಲಿಲ್ಲವಾದ್ದರಿಂದ ಎರಡು ಹಲ್ಲುಚಕ್ರದ ಕ್ರ್ಯಾಂಕು ಕೂಡ ಪೆಟ್ಟಿಗೆ ಸೇರಿತು. ತಯಾರಕರಿಗೆ ಬಿಡಿಭಾಗಗಳು ಸಗಟಿನಲ್ಲಿ ಸಿಗುವ ಬೆಲೆಗೆ ನಮಗೆ ಬಿಡಿಯಾಗಿ ಸಿಗುವುದಿಲ್ಲ. ನಿಮ್ಮ 30,000ದ ಲೆಕ್ಕ ಕೊನೆಗೆ 85,000 ದಾಟಿದರೂ ನನಗೆ ಆಶ್ಚರ್ಯವಾಗದು. ಹಳೆಯ ರಸೀದಿ ಇದ್ದರೆ ಮೊದಲು ಫ್ರೇಮಿನ ವಾರಂಟಿಯನ್ನು ವಿಚಾರಿಸಿ. ಕೆಲವು ಕಂಪನಿಗಳು ಮೊದಲ ಖರೀದಿದಾರರಿಗೆ ಫ್ರೇಮಿನ ಮೇಲೆ ಹಲವು ವರ್ಷಗಳ ಖಾತರಿ ಕೊಡುತ್ತವೆ.

ಮಣ್ಣುದಾರಿ:
ಇಬ್ಬರಿಗೂ ಧನ್ಯವಾದ. ರಸೀದಿ ಸಿಕ್ಕಿತು, ಆದರೆ ಖಾತರಿ ಐದೇ ವರ್ಷದ್ದು. ಹಿಂದಿನ ಹಬ್ 135 ಮಿ.ಮೀ. ಎಂಬುದೇ ಸರಿ. ಸ್ಟಿಯರರ್ ಉದ್ದಕ್ಕೂ 1⅛ ಇಂಚು ವ್ಯಾಸದ ನೇರ ಕೊಳವೆ, ಉದ್ದ 172 ಮಿ.ಮೀ.; ಅದು ಹಾಯುವ ಫ್ರೇಮಿನ ಹೆಡ್ ಟ್ಯೂಬ್ ಹಳೆಯದರಲ್ಲಿ 105, ಹೊಸ ಫ್ರೇಮಿನದ್ದು 120. ಹ್ಯಾಂಡಲಿನ ಸ್ಟೆಮ್ ಹಿಡಿಯಲು ಜಾಗ ಸಾಲದು.

ಹಳೇ ಸ್ಪ್ಯಾನರ್:
ಹಾಗಿದ್ದರೆ ಆ ಫ್ರೇಮನ್ನು ಬಿಟ್ಟುಬಿಡಿ. ನೇರ ಸ್ಟಿಯರರ್ ಎಂಬುದು ದೊಡ್ಡ ಅಡ್ಡಿಯಲ್ಲ. ಕೆಳಗೆ ಅಗಲವಾಗುವ ಹೆಡ್ ಟ್ಯೂಬಿಗೂ ತಕ್ಕ ಹೆಡ್‌ಸೆಟ್ ಹಾಕಿ ಅದನ್ನು ಕೂರಿಸಬಹುದು. ಗಿಡ್ಡ ಸ್ಟಿಯರರ್‌ಗೆ ಮಾತ್ರ ಉಪಾಯವಿಲ್ಲ. ನಾನಾಗಿದ್ದರೆ 27.5 ಇಂಚಿನ, 135 ಮಿ.ಮೀ. ಕ್ವಿಕ್ ರಿಲೀಸ್ ಹಬ್ ಹಿಡಿಯುವ ಸೆಕೆಂಡ್ ಹ್ಯಾಂಡ್ ಫ್ರೇಮ್ ಹುಡುಕುತ್ತಿದ್ದೆ. ಅದಕ್ಕೆ ನಿಮ್ಮಲ್ಲಿರುವ ಬಹುಪಾಲು ಹೊಂದುತ್ತದೆ, ಸೀಟ್ ಪೋಸ್ಟಿನ ವ್ಯಾಸವನ್ನು ಮಾತ್ರ ಕೇಳಿಕೊಳ್ಳಿ. ಕೊಳ್ಳುವ ಮುನ್ನ ವೆಲ್ಡಿಂಗುಗಳ ಮೇಲೆ ಉಗುರು ಆಡಿಸಿ ನೋಡಿ, ಆ ಪರೀಕ್ಷೆ ನಿಮಗೆ ಈಗಾಗಲೇ ಗೊತ್ತಿದೆ.

ಮಣ್ಣುದಾರಿ:
ಮುಂಗಾರು ಮುಗಿಯುವವರೆಗೆ ಅಂಥ ಫ್ರೇಮಿಗಾಗಿ ಕಾಯುತ್ತೇನೆ, ಹೆಡ್ ಟ್ಯೂಬ್ 105ಕ್ಕಿಂತ ಉದ್ದವಿದ್ದರೆ ನೋಡಲೂ ಹೋಗುವುದಿಲ್ಲ. ಸಿಗದಿದ್ದರೆ ಪೂರ್ತಿ ಸೈಕಲ್ಲನ್ನೇ ಕೊಂಡು, ಹಳೆಯದರಿಂದ ಪೆಡಲ್ಲು ಮತ್ತು ಸೀಟನ್ನಷ್ಟೇ ಬಿಚ್ಚಿಕೊಳ್ಳುತ್ತೇನೆ.