ಆಯಿಲ್ ‘ಡ್ರೈನ್ ಮಾಡು’ ಅನ್ನೋದಕ್ಕೆ ‘ಬಸಿ’ ಸರಿಹೋಗುತ್ತಾ?

ಗೆಳೆಯರೇ, ನಮಸ್ಕಾರ.

ಒಂದು ಸಣ್ಣ ಪದದ ಬಗ್ಗೆ ನಿಮ್ಮ ಮಾತು ಬೇಕು. ಪದ ‘ಬಸಿ’. ಅನ್ನ ಬಸಿಯುತ್ತೇವಲ್ಲ, ಅದೇ ಬಸಿ. ಕಾರಿನ ಎಂಜಿನ್ನಿಂದ ಹಳೇ ಆಯಿಲ್ ಇಳಿಸುವುದಕ್ಕೂ ಇದನ್ನೇ ಬಳಸಬಹುದಾ?

ಈ ಪ್ರಶ್ನೆ ಬಂದದ್ದು ಹೀಗೆ. ನಮ್ಮ ಅಕ್ಕನ ಮಗ ಈಚೆಗೆ ಒಂದು ಹಳೇ ಸಣ್ಣ ಕಾರು ಕೊಂಡ. ಆಯಿಲ್ ಬದಲಾಯಿಸೋದನ್ನು ಮನೆಯಲ್ಲೇ ಕಲಿಯಬೇಕು ಅಂದ. ನನ್ನ ಕಾರಿಗೆ ನಾನೇ ಮಾಡಿಕೊಂಡು ರೂಢಿ ಇದೆ. ಹಾಗಾಗಿ ಒಂದು ಹಾಳೆಯಲ್ಲಿ ಕೆಲಸವನ್ನೆಲ್ಲ ಕನ್ನಡದಲ್ಲಿ ಬರೆದುಕೊಟ್ಟೆ. ಅದರಲ್ಲಿ ‘ಹಳೇ ಆಯಿಲ್ ತೆಗೆ’ ಅಂತಿತ್ತು. ಅವನು ಓದಿ, “ಮಾವ, ಮೇಲಿಂದ ತೆಗೀಬೇಕಾ, ಕೆಳಗಿಂದಾನಾ?” ಅಂತ ಕೇಳಿದ. ನ್ಯಾಯವಾದ ಪ್ರಶ್ನೆ. ಡಿಪ್‌ಸ್ಟಿಕ್ (ಆಯಿಲ್ ಎಷ್ಟಿದೆ ಅಂತ ನೋಡುವ ಕಡ್ಡಿ) ಇರುವ ಕೊಳವೆಯೊಳಗೆ ಸಣ್ಣ ಪೈಪು ಇಳಿಸಿ, ಪಂಪಿನಿಂದ ಮೇಲಕ್ಕೆ ಎಳೆದು ತೆಗೆಯುವವರೂ ಇದ್ದಾರೆ. ‘ತೆಗೆ’ ಎರಡಕ್ಕೂ ಆಗುತ್ತದೆ. ‘ಸುರಿ’ ಅಂದರೆ ಪಾತ್ರೆ ಎತ್ತಿ ಬಗ್ಗಿಸಿದ ಹಾಗೆ. ‘ಖಾಲಿ ಮಾಡು’ ಅಂದರೆ ಕೊನೆಗೆ ಏನಾಗಬೇಕು ಅಂತ ಗೊತ್ತಾಗುತ್ತದೆ, ಹೇಗೆ ಅಂತ ಗೊತ್ತಾಗಲ್ಲ. ಗ್ಯಾರೇಜಿನಲ್ಲಿ ‘ಡ್ರೈನ್ ಮಾಡು’ ಅಂತಾರೆ. ಅದನ್ನೇ ಬರೆಯಲು ಮನಸ್ಸು ಒಪ್ಪಲಿಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ಸೇರಿ ಕೆಲಸಕ್ಕೆ ಕೂತೆವು. ಐದು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿದೆವು. ಸ್ವಲ್ಪ ಬಿಸಿಯಾದರೆ ಆಯಿಲ್ ತೆಳುವಾಗಿ ಸಲೀಸಾಗಿ ಇಳಿಯುತ್ತದೆ. ಮುಂದಿನ ಚಕ್ರ ಎರಡನ್ನೂ ರ‍್ಯಾಂಪಿನ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. (ಬರೀ ಜಾಕ್ ನಂಬಿಕೊಂಡು ಕಾರಿನ ಕೆಳಗೆ ಹೋಗಬೇಡಿ. ಪದದ ಚರ್ಚೆಯಾದರೂ ಇದನ್ನು ಹೇಳಲೇಬೇಕು.) ಅಗಲವಾದ ಹಳೇ ಟಬ್ಬು ಇಟ್ಟು, 17ರ ಸ್ಪ್ಯಾನರಿನಿಂದ ಎಂಜಿನ್ ತಳದ ಡ್ರೈನ್ ಪ್ಲಗ್ ಸಡಿಲ ಮಾಡಿ, ಕೊನೆಯ ಸುತ್ತುಗಳನ್ನು ಹುಡುಗ ಬೆರಳಿನಲ್ಲೇ ಬಿಚ್ಚಿದ. ಬೆರಳು ದಪ್ಪದ ಕಪ್ಪು ಧಾರೆ ಓರೆಯಾಗಿ ಚಿಮ್ಮಿತು. ಬರುಬರುತ್ತಾ ನೆಟ್ಟಗಾಯಿತು. ಸಣ್ಣ ಎಳೆಯಾಯಿತು. ಆಮೇಲೆ ತೊಟ್ಟು ತೊಟ್ಟು. ಮುಗೀತು ಅಂದುಕೊಂಡು ಹುಡುಗ ಪ್ಲಗ್ ಕೈಗೆತ್ತಿಕೊಂಡ. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದ ನಮ್ಮಮ್ಮ ಅಲ್ಲಿಂದಲೇ ಹೇಳಿದರು: “ಇರೋ, ಇನ್ನೂ ಬಸೀತಾ ಇದೆ. ಪೂರ್ತಿ ಬಸೀಲಿ, ಆಮೇಲೆ ಮುಚ್ಚು.”

ನಾನು ಹುಡುಕುತ್ತಿದ್ದ ಪದ ಅದೇ. ಅಮ್ಮ ಅದನ್ನು ಯೋಚಿಸಿ ಹೇಳಲಿಲ್ಲ, ಬಾಯಿಗೆ ಬಂತು. ಮಂಡ್ಯ ಕಡೆಯವರು, ವಾರಕ್ಕೆರಡು ಸಲ ಬಸ್ಸಾರು ಮಾಡುವವರು. ಬಸಿದ ಕಟ್ಟಿನಿಂದ ಮಾಡಿದ ಸಾರು, ಅದಕ್ಕೇ ಬಸ್ಸಾರು.

ಆಮೇಲೆ ಒಬ್ಬ ಸ್ನೇಹಿತರಿಗೆ ಇದನ್ನು ಹೇಳಿದೆ. ಅವರು ಒಪ್ಪಲಿಲ್ಲ. ಬಸಿಯುವುದು ಅಂದರೆ ಗಟ್ಟಿ ಪದಾರ್ಥ ಒಳಗೆ ಉಳಿದು ನೀರು ಹೊರಗೆ ಹೋಗಬೇಕು, ಅನ್ನ ಉಳಿಯುತ್ತೆ, ಗಂಜಿ ಹೋಗುತ್ತೆ, ಎಂಜಿನ್ನಿನಲ್ಲಿ ಉಳಿಯೋದೇನು ಅಂದರು. ಮಾತು ತೂಕದ್ದೇ. ಆದರೆ ಬಸಿ ಅಷ್ಟಕ್ಕೇ ನಿಲ್ಲುವ ಪದ ಅಲ್ಲ ಅಂತ ನನಗನ್ನಿಸುತ್ತೆ. ಗಾಯದಿಂದ ರಕ್ತ ಬಸಿಯುತ್ತದೆ. ಮೈಯಿಂದ ಬೆವರು ಬಸಿಯುತ್ತದೆ. ನೀರಾವರಿ ಸೀಮೆಯಲ್ಲಿ ಗದ್ದೆಯ ಹೆಚ್ಚುವರಿ ನೀರು ಹೋಗುವ ದಾರಿಗೆ ಬಸಿಗಾಲುವೆ ಅಂತಲೇ ಹೆಸರು. ಇಲ್ಲೆಲ್ಲ ದ್ರವ ತನ್ನ ಪಾಡಿಗೆ ತಾನು ನಿಧಾನವಾಗಿ ಹೊರಗೆ ಬರುತ್ತದೆ. ನಾವು ಮಾಡೋದು ದಾರಿ ಬಿಟ್ಟು ಕಾಯೋದು ಮಾತ್ರ. ಆ ಕಾಯುವಿಕೆ ‘ಬಸಿ’ ಅನ್ನೋ ಪದದೊಳಗೇ ಇದೆ. ‘ಖಾಲಿ ಮಾಡು’ ಅನ್ನೋದರಲ್ಲಿ ಇಲ್ಲ. ‘ಹತ್ತು ಹದಿನೈದು ನಿಮಿಷ ಬಸಿಯಲು ಬಿಡು’ ಅಂತ ಬರೆದರೆ ಹುಡುಗ ಆತುರಪಡಲ್ಲ, ಅಲ್ವಾ?

ಹೆಸರುಗಳ ವಿಷಯದಲ್ಲಿ ನನಗೆ ಹಟವಿಲ್ಲ. ಫಿಲ್ಟರ್, ವಾಷರ್, ಚೇಂಬರ್ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಪಾತ್ರೆ) ಹಾಗೇ ಇರಲಿ. ರಸ್ತೆಯ ಉಬ್ಬಿಗೆ ತಗುಲಿ ‘ಆಯಿಲ್ ಚೇಂಬರ್ ಒಡೀತು’ ಅಂದರೆ ಯಾವ ಊರಿನಲ್ಲೂ ಅರ್ಥವಾಗುತ್ತದೆ. ಡ್ರೈನ್ ಪ್ಲಗ್ಗಿಗೆ ಮಾತ್ರ ‘ಬಿರಡೆ’ ಅನ್ನಲು ಆಸೆ. ಸೀಸೆಯ ಬಾಯಿಗೆ ಹಾಕೋದೂ ಬಿರಡೆ, ವೀಣೆಯಲ್ಲಿ ತಿರುವಿ ಶ್ರುತಿ ಮಾಡೋದೂ ಬಿರಡೆ. ಮುಚ್ಚುವುದು, ತಿರುವುವುದು ಎರಡೂ ಒಂದೇ ಪದದಲ್ಲಿ ಸಿಕ್ಕಿತು. ಕೆಲಸದ ಪದಗಳಂತೂ ನಮ್ಮಲ್ಲಿ ಧಾರಾಳವಾಗಿವೆ. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಆಯಿಲ್ ಹಚ್ಚುತ್ತೇವಲ್ಲ, ಅದಕ್ಕೆ ‘ಸವರು’ ಅಂತ ಬರೆದೆ. ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟೇ ತೆಳುವಾಗಿ ಅಂತ ಬೇರೆ ಹೇಳಬೇಕಾಗಲಿಲ್ಲ. ಡಿಪ್‌ಸ್ಟಿಕ್ಕಿಗೆ ‘ಒರೆಸು, ಅದ್ದು, ನೋಡು’. ಮೂರೇ ಪದ.

‘ಆಯಿಲ್’ ಯಾಕೆ, ‘ಎಣ್ಣೆ’ ಯಾಕಲ್ಲ ಅಂತ ಕೇಳುವವರಿದ್ದೀರಿ. ಎಣ್ಣೆ ಹುಟ್ಟಿದ್ದು ಎಳ್ಳಿನಿಂದ. ಎಳ್ ಮತ್ತು ನೆಯ್ ಸೇರಿ ಎಣ್ಣೆ. ಸಂಸ್ಕೃತದ ತೈಲವೂ ತಿಲದಿಂದಲೇ ಬಂದದ್ದು. ಆಮೇಲೆ ಮೂಲ ಮರೆತು ಹೋಗಿ ಎಳ್ಳೆಣ್ಣೆ ಅಂತ ಎಳ್ಳನ್ನು ಎರಡು ಸಲ ಹೇಳುವ ಹಾಗಾಯಿತು. ಭೂಮಿಯಿಂದ ಬಂದದ್ದನ್ನೂ ಸೀಮೆಎಣ್ಣೆ ಅಂತ ಸೇರಿಸಿಕೊಂಡೆವು. ಎತ್ತಿನಗಾಡಿಯ ಅಚ್ಚಿಗೆ ಹಾಕುತ್ತಿದ್ದದ್ದು ಹರಳೆಣ್ಣೆ. ಎಂಜಿನ್ ಆಯಿಲ್ ಮಾರುವ ಕ್ಯಾಸ್ಟ್ರಾಲ್ ಕಂಪನಿಯ ಹೆಸರಿನೊಳಗೂ ಅದೇ ಹರಳೆಣ್ಣೆ ಇದೆ. ಕ್ಯಾಸ್ಟರ್ ಆಯಿಲ್ ಬೆರೆಸುತ್ತಿದ್ದರಿಂದ ಬಂದ ಹೆಸರು ಅದು. ಹಾಗಾಗಿ ‘ಎಂಜಿನ್ ಎಣ್ಣೆ’ ತಪ್ಪೇನಲ್ಲ. ‘ಕೀಲೆಣ್ಣೆ’ ಅನ್ನೋ ಚಂದದ ಪದವೂ ಶಾಲೆಯ ಪುಸ್ತಕಗಳಲ್ಲಿದೆ. ಆದರೆ ಈಗ ಹುಡುಗರ ಬಾಯಲ್ಲಿ ‘ಎಣ್ಣೆ ಹಾಕು’ ಅಂದರೆ ಬೇರೆಯೇ ಅರ್ಥ ಬಂದುಬಿಟ್ಟಿದೆ. ಅದಕ್ಕೇ ಹಾಳೆಯಲ್ಲಿ ಆಯಿಲ್ ಅಂತಲೇ ಉಳಿಸಿದೆ.

ಈಗ ನಿಮ್ಮನ್ನು ಕೇಳಬೇಕಾದದ್ದು. ಉತ್ತರ ಕರ್ನಾಟಕದವರೇ, ನಿಮ್ಮಲ್ಲಿ ಕಪ್ಪು-ಬಸಿಯ ಬಸಿ ಇದೆ. ಅದು ಮರಾಠಿಯಿಂದ ಬಂದ ಬೇರೆ ಪದ. ‘ಆಯಿಲ್ ಬಸಿ’ ಅಂತ ಓದಿದರೆ ಆಯಿಲ್ ಹಿಡಿಯುವ ತಟ್ಟೆ ಅಂತ ಅನ್ನಿಸುತ್ತಾ? ಟ್ರ್ಯಾಕ್ಟರ್, ಡೀಸೆಲ್ ಪಂಪ್‌ಸೆಟ್ ಇಟ್ಟುಕೊಂಡವರ ಮನೆಗಳಲ್ಲಿ ಈ ಕೆಲಸಕ್ಕೆ ಏನಂತಾರೆ?

ಇನ್ನೊಂದು. ಟಬ್ಬಿನ ತಳದಲ್ಲಿ ನಿಂತ ಕರಿ ಅಂಟಿಗೆ ನಾನು ‘ಮಡ್ಡಿ’ ಅಂದೆ, ಅಮ್ಮ ‘ಗಸಿ’ ಅಂದರು. ಕಾಫಿಯದು ಗಸಿ, ಎಣ್ಣೆಯದು ಮಡ್ಡಿ ಅಂತ ನನ್ನ ಲೆಕ್ಕ. ನಿಮ್ಮ ಊರಿನಲ್ಲಿ ಹೇಗೆ? ಹಳೇ ಆಯಿಲನ್ನು ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಟ್ಟು ಬಂದೆವು, ಚರಂಡಿಗೆ ಸುರಿಯಬಾರದು. ಆ ಕ್ಯಾನಿನ ಮೇಲಿನ ಚೀಟಿಯಲ್ಲಿ ಹುಡುಗ ತಾನಾಗಿಯೇ ‘ಬಸಿದ ಆಯಿಲ್’ ಅಂತ ಬರೆದಿದ್ದ.