ಒಂದೇ ಗುಂಡಿನ ಹಳೇ ರೈಫಲ್ ಮೇಲೆ ಯಾಕಿಷ್ಟು ಮೋಹ?

ಪ್ರಶ್ನೆ (ಧಾರವಾಡ): ಐದು ಗುಂಡು ಹಿಡಿಯುವ ರೈಫಲ್ ಇದ್ದರೂ ಅಮೆರಿಕದ ಕೆಲ ಬೇಟೆಗಾರರು ಒಂದೇ ಗುಂಡಿನದ್ದನ್ನೇ ಹುಡುಕಿ ಕೊಳ್ಳುತ್ತಾರಲ್ಲ, ಸುಮ್ನೆ ಶೋಕಿನಾ?

ಗದಗದಿಂದ: ಶೋಕಿಯೂ ಹೌದು. ಆದರೆ ಮಾರ್ಟಿನಿ-ಹೆನ್ರಿ ಅನ್ನೋ ಒಂದೇ ಗುಂಡಿನ ರೈಫಲ್ ನೋಡಿ, 1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದಿದ್ದು. ಟ್ರಿಗರ್ ಹಿಂದಿನ ಲಿವರ್ ಕೆಳಗೆ ಎಳೆದರೆ ನಳಿಕೆಯ ಹಿಂಬಾಯಿ ಮುಚ್ಚುವ ಲೋಹದ ಬ್ಲಾಕ್‌ನ ಮುಂತುದಿ ಇಳಿಯುತ್ತದೆ, ಖಾಲಿ ತೋಟಾ ಹಿಂದಕ್ಕೆ ಬರುತ್ತದೆ, ಹೊಸದನ್ನು ಕೈಯಿಂದಲೇ ತುಂಬಬೇಕು. ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ 1885ರ ವಿಂಚೆಸ್ಟರ್‌ನಲ್ಲಿ ಬ್ಲಾಕ್ ನೇರ ಕೆಳಗೆ ಜಾರುತ್ತದೆ. ಬೋಲ್ಟ್ (ತೋಟಾ ಒಳಗೆ ತಳ್ಳುವ ಲೋಹದ ಕಡ್ಡಿ) ಹಿಂದೆ ಮುಂದೆ ಓಡಾಡಲು ಜಾಗ ಬೇಡ, ಹಾಗಾಗಿ ನಳಿಕೆ ಉದ್ದವಿದ್ದರೂ ಒಟ್ಟು ಬಂದೂಕು ಗಿಡ್ಡ.

ಹಾವೇರಿಯಿಂದ: ಅದೆಲ್ಲ ಸರಿ, ಎರಡನೇ ಗುಂಡು ತಕ್ಷಣ ಸಿಗಲ್ಲ ಅನ್ನೋದೇ ಅಸಲು ಮಜಾ ಅಲ್ವಾ? ಹತ್ತಿರ ಹೋಗಬೇಕು, ಗಾಳಿ ನೋಡಬೇಕು, ಅನುಮಾನವಿದ್ದರೆ ಬಿಟ್ಟು ಬರಬೇಕು. ಗಾಯಗೊಂಡ ಪ್ರಾಣಿ ಓಡಿಹೋದರೆ ಮಾತ್ರ ಇದೇ ದೊಡ್ಡ ತೊಂದರೆ, ಅದನ್ನು ಯಾರೂ ಜಾಸ್ತಿ ಹೇಳಲ್ಲ.

ಧಾರವಾಡ: ನಮ್ಮಲ್ಲಿ ಒಂದು ಇಟ್ಟುಕೊಳ್ಳಬಹುದಾ?

ಗದಗ: ಲೈಸೆನ್ಸ್ ಬೇಕು. ಬೇಟೆ ಆಸೆ ಬಿಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕೃಷ್ಣಮೃಗ ನೋಡಬೇಕಂದ್ರೆ ರಾಣೆಬೆನ್ನೂರಿಗೆ ಕ್ಯಾಮೆರಾ ಹಿಡಿದು ಹೋಗಿ.